ಪಾಠ ಯೋಜನೆಯಲ್ಲಿ ಭಯಕ್ಕೊಂದು ಸಾಲು

ಹಾಗಲವಾಡಿ ಹೋಬಳಿಯ ಒಂದು ಪ್ರೌಢಶಾಲೆಯಲ್ಲಿ ಅದು ನನ್ನ ಅಭ್ಯಾಸ ಬೋಧನೆಯ ಹನ್ನೊಂದನೆಯ ಪಾಠ. ಎಂಟನೆಯ ತರಗತಿ, ವಿಜ್ಞಾನ, ‘ಕೆಲವು ನೈಸರ್ಗಿಕ ವಿದ್ಯಮಾನಗಳು’ ಎಂಬ ಅಧ್ಯಾಯ. ಆ ದಿನದ ಪಾಠ ಸಿಡಿಲು. ಪಾಠ ಯೋಜನೆಯನ್ನು 5ಇ ಮಾದರಿಯಲ್ಲಿ ಬರೆದು, ಮಾರ್ಗದರ್ಶಕರ ಸಹಿ ಮಾಡಿಸಿಕೊಂಡು ಹೋಗಿದ್ದೆ. ಖಾಲಿ ರೀಫಿಲ್ಲನ್ನು ಪ್ಲಾಸ್ಟಿಕ್ ಹಾಳೆಗೆ ಉಜ್ಜಿ ಕಾಗದದ ಚೂರುಗಳನ್ನು ಎತ್ತಿಸಿದೆ. ಬಲೂನನ್ನು ಗೋಡೆಗೆ ಅಂಟಿಸಿದೆ. ಮಕ್ಕಳು ನಕ್ಕರು, ಮುಗಿಬಿದ್ದು ಕೈ ಎತ್ತಿದರು. ಮೋಡದಲ್ಲಿ ಆವೇಶ ಹೇಗೆ ಸೇರುತ್ತದೆ, ಹೇಗೆ ವಿಸರ್ಜನೆಯಾಗುತ್ತದೆ, ಎತ್ತರದ ವಸ್ತುವಿಗೇ ಸಿಡಿಲು ಏಕೆ ಹೆಚ್ಚು ಬಡಿಯುತ್ತದೆ ಎಲ್ಲವನ್ನೂ ಹೇಳಿದೆ. ಹಿಂದಿನ ಬೆಂಚಿನಲ್ಲಿ ಕುಳಿತಿದ್ದ ಸಹಪಾಠಿ ವೀಕ್ಷಕಿ ‘ವಿದ್ಯಾರ್ಥಿಗಳ ಭಾಗವಹಿಸುವಿಕೆ ಉತ್ತಮ’ ಎಂದು ಬರೆದುಕೊಂಡಳು.

ಮೌಲ್ಯಮಾಪನದ ಪ್ರಶ್ನೆಗಳು ಮುಗಿದು ಗಂಟೆ ಹೊಡೆಯಲು ನಾಲ್ಕೈದು ನಿಮಿಷ ಇದ್ದಾಗ ಮೂರನೆಯ ಸಾಲಿನ ಒಬ್ಬ ಹುಡುಗಿ ಎದ್ದು ನಿಂತಳು.

“ಮಿಸ್, ನಮ್ಮ ದೊಡ್ಡಪ್ಪಂಗೆ ಸಿಡ್ಲು ಹೊಡೀತು. ತೆಂಗಿನ ಮರದ ಕೆಳಗೆ ನಿಂತಿದ್ರು. ಹರಕೆ ತೀರಿಸ್ಲಿಲ್ಲ, ಅದಕ್ಕೇ ಹಂಗಾಯ್ತು ಅಂತಾರೆ ಮನೇಲಿ. ಹೌದಾ ಮಿಸ್?”

ತರಗತಿ ಸುಮ್ಮನಾಯಿತು. ಆವೇಶ, ವಿಸರ್ಜನೆ, ಎತ್ತರದ ವಸ್ತು ಎಲ್ಲವನ್ನೂ ನಾನು ಆಗತಾನೇ ಹೇಳಿ ಮುಗಿಸಿದ್ದೆ. ಅವಳು ಕೇಳಿದ್ದು ಅದನ್ನಲ್ಲ. “ನಾಳೆ ಮಾತಾಡೋಣ, ಕೂತ್ಕೊಳಮ್ಮ” ಎಂದೆ. ಗಂಟೆ ಹೊಡೆಯಿತು. ವೀಕ್ಷಣಾ ಪುಸ್ತಕದಲ್ಲಿ ಆ ಪಾಠಕ್ಕೆ ಅದುವರೆಗಿನ ನನ್ನ ಪಾಠಗಳಲ್ಲೇ ಹೆಚ್ಚಿನ ಅಂಕ ಬಂತು.

ಆ ಅಂಕ ನನಗೆ ಸಲ್ಲಬೇಕಾದದ್ದಲ್ಲ ಎಂಬುದೇ ಈ ಲೇಖನದ ವಿಷಯ.

ಉತ್ತರ ಸಿಗದ ಹದಿನಾಲ್ಕರ ಹುಡುಗ

ಅದೇ ವಾರ ನಾನು ಎಪಿಕ್ಯೂರಸ್‌ನನ್ನು ಓದುತ್ತಿದ್ದೆ. ನಮ್ಮ ಬಿ.ಇಡಿ. ತತ್ತ್ವಶಾಸ್ತ್ರದ ಭಾಗದಲ್ಲಿ ಆದರ್ಶವಾದ, ನಿಸರ್ಗವಾದ, ಪ್ರಯೋಜನವಾದಗಳಿವೆ. ಪ್ಲೇಟೊ, ರೂಸೋ, ಡ್ಯೂಯಿ, ಗಾಂಧೀಜಿ, ಟ್ಯಾಗೋರರಿದ್ದಾರೆ. ಎಪಿಕ್ಯೂರಸ್ ನಮಗೆ ಪಾಠವಾಗಿ ಬಂದಿರಲಿಲ್ಲ. ‘ಶಿಕ್ಷಣ ಮತ್ತು ಸಂತೋಷ’ ಎಂಬ ಸೆಮಿನಾರ್ ವಿಷಯ ನನ್ನ ಪಾಲಿಗೆ ಬಂದದ್ದರಿಂದ ಅವನ ಹೆಸರು ಕಣ್ಣಿಗೆ ಬಿತ್ತು. ಸುಖವೇ ಬದುಕಿನ ಗುರಿ ಎಂದವನು ಅಂತ ಮಾತ್ರ ಗೊತ್ತಿತ್ತು. ಬಿ.ಎಸ್ಸಿ. ಓದಿ ಬಂದ ನನಗೆ ತತ್ತ್ವಶಾಸ್ತ್ರವೆಂದರೆ ಪರೀಕ್ಷೆಗೆ ಉರು ಹೊಡೆಯಬೇಕಾದ ಹೆಸರುಗಳ ಸಾಲು. ಒಂದು ವಾರದಲ್ಲಿ ಮುಗಿಸಿ ಪಿಪಿಟಿ ಮಾಡಿದರಾಯಿತು ಎಂದುಕೊಂಡಿದ್ದೆ.

ಆದರೆ ಅವನ ಬಾಲ್ಯದ ಸಂಗತಿಯೊಂದು ನನ್ನನ್ನು ಹಿಡಿದು ನಿಲ್ಲಿಸಿತು. ಎಪಿಕ್ಯೂರಸ್ ಹುಟ್ಟಿದ್ದು ಕ್ರಿ.ಪೂ. 341ರಲ್ಲಿ, ಗ್ರೀಸಿನ ಸಾಮೋಸ್ ದ್ವೀಪದಲ್ಲಿ. ಅಪ್ಪ ಅಲ್ಪ ಸಂಬಳದ ಶಾಲಾ ಮೇಷ್ಟ್ರು. ಹದಿನಾಲ್ಕರ ವಯಸ್ಸಿನಲ್ಲಿ ಅವನು ತತ್ತ್ವಶಾಸ್ತ್ರದ ಕಡೆ ತಿರುಗಿದ್ದಕ್ಕೆ ಹಳೆಯ ಜೀವನಚರಿತ್ರೆಕಾರ ಡಯೋಜೆನಿಸ್ ಲಾಯರ್ಷಿಯಸ್ ದಾಖಲಿಸಿರುವ ಒಂದು ಕಾರಣವಿದೆ. ಹೆಸಿಯಡ್ ಕವಿಯ ಸೃಷ್ಟಿಕಥೆಯಲ್ಲಿ ಎಲ್ಲಕ್ಕಿಂತ ಮೊದಲು ಬರುವುದು ‘ಕೇಯಾಸ್’. ಹಾಗೆಂದರೆ ಏನು ಎಂಬುದನ್ನು ಶಾಲೆಯ ಮೇಷ್ಟ್ರುಗಳು ಅವನಿಗೆ ಬಿಡಿಸಿ ಹೇಳಲಾರದೆ ಹೋದರು. ಆ ಬೇಸರದಿಂದ ಹುಡುಗ ತಾನೇ ಹುಡುಕಲು ಹೊರಟ.

ನನ್ನ ತರಗತಿಯ ಹುಡುಗಿಗೂ ಹೆಚ್ಚುಕಡಿಮೆ ಅದೇ ವಯಸ್ಸು. ಕೇಳಿದ್ದೂ ಪಾಠಕ್ಕೆ ಸೇರಿದ ಪ್ರಶ್ನೆಯೇ. ಕೂತ್ಕೊಳಮ್ಮ ಎಂದವಳು ನಾನು.

ಕೆಟ್ಟ ಹೆಸರಿನ ಇಬ್ಬರು

ಸುಖವಾದಿ ಎಂದ ಕೂಡಲೇ ನಮ್ಮ ಕಣ್ಣಮುಂದೆ ಬರುವುದು ತಿಂದು ಕುಡಿದು ಮಲಗುವವನು. ಎಪಿಕ್ಯೂರಸ್‌ಗೆ ಈ ಹೆಸರು ಅವನ ಕಾಲದಲ್ಲೇ ಅಂಟಿತು, ಅಂಟಿಸಿದವರು ಅವನ ವಿರೋಧಿಗಳು. ನಿಜದಲ್ಲಿ ಅವನ ಊಟ ರೊಟ್ಟಿ ಮತ್ತು ನೀರು. ಹಬ್ಬದೂಟ ಮಾಡಬೇಕೆನಿಸಿದಾಗ ಒಂದು ಸಣ್ಣ ಕುಡಿಕೆ ಗಿಣ್ಣು ಕಳಿಸು ಎಂದು ಗೆಳೆಯನಿಗೆ ಬರೆದುಕೊಂಡಿದ್ದ. ಸುಮಾರು ಕ್ರಿ.ಪೂ. 306ರಲ್ಲಿ ಅಥೆನ್ಸಿನಲ್ಲಿ ಒಂದು ಮನೆ ಮತ್ತು ತೋಟ ಕೊಂಡು ಗೆಳೆಯರೊಂದಿಗೆ ಇರತೊಡಗಿದ. ಅವನ ಶಾಲೆಯ ಹೆಸರೇ ‘ತೋಟ’. ಅಲ್ಲಿ ಹೆಂಗಸರೂ ಗುಲಾಮರೂ ಜೊತೆಗೆ ಕುಳಿತು ಕಲಿಯುತ್ತಿದ್ದರು. ಮಿಸ್ ಎಂಬ ಗುಲಾಮ ಅವನೊಂದಿಗೆ ತತ್ತ್ವಶಾಸ್ತ್ರ ಓದಿದ, ಎಪಿಕ್ಯೂರಸ್ ತನ್ನ ಉಯಿಲಿನಲ್ಲಿ ಅವನನ್ನು ಬಿಡುಗಡೆ ಮಾಡಿದ. ಹಾಗಲವಾಡಿಯ ತೆಂಗಿನ ತೋಟಗಳ ನಡುವೆ ಓಡಾಡುತ್ತಾ ಈ ‘ತೋಟ’ದ ಬಗ್ಗೆ ಓದುವಾಗ ನನಗೆ ಅದು ದೂರದ ಊರೆನಿಸಲಿಲ್ಲ.

ನಮ್ಮಲ್ಲೂ ಇಂಥ ಕೆಟ್ಟ ಹೆಸರು ಹೊತ್ತವರಿದ್ದಾರೆ. ಅವರು ಲೋಕಾಯತರು, ಅಂದರೆ ಚಾರ್ವಾಕರು. ಸಾಲ ಮಾಡಿಯಾದರೂ ತುಪ್ಪ ತಿನ್ನಿ ಎಂದವರು ಎನ್ನುವುದಷ್ಟೇ ನಮಗೆ ಅವರ ಬಗ್ಗೆ ಗೊತ್ತಿರುವುದು. ಅವರ ಮಾತು ನಮಗೆ ತಲುಪಿರುವುದು ಬಹುಪಾಲು ಅವರನ್ನು ಖಂಡಿಸಿದವರ ಪುಸ್ತಕಗಳ ಮೂಲಕ. ಅಂಥ ಪುಸ್ತಕಗಳಲ್ಲಿ ಪ್ರಸಿದ್ಧವಾದದ್ದು 14ನೆಯ ಶತಮಾನದ ‘ಸರ್ವದರ್ಶನಸಂಗ್ರಹ’. ವಿಜಯನಗರದ ಕಾಲದ, ಸಂಪ್ರದಾಯವು ಶೃಂಗೇರಿಯ ವಿದ್ಯಾರಣ್ಯರೆಂದೇ ಗುರುತಿಸುವ ಮಾಧವಾಚಾರ್ಯರ ಕೃತಿ ಅದು. ಅದರ ಮೊದಲ ಅಧ್ಯಾಯವೇ ಚಾರ್ವಾಕ ದರ್ಶನ. ತಾವು ಒಪ್ಪದ ಮತವನ್ನೂ ಮೊದಲು ಪೂರ್ತಿಯಾಗಿ ಹೇಳಿ ಆಮೇಲೆ ಖಂಡಿಸುವ ಆ ಕ್ರಮ ಶಿಕ್ಷಕರಿಗೆ ಒಳ್ಳೆಯ ಪಾಠ. ಕನ್ನಡ ನಾಡಿನ ಒಂದು ಪುಸ್ತಕ ಏಳು ಶತಮಾನಗಳ ಹಿಂದೆ ಕೊಟ್ಟ ಜಾಗವನ್ನು ನಮ್ಮ ಬಿ.ಇಡಿ. ತರಗತಿ ಸುಖವಾದಕ್ಕೆ ಇನ್ನೂ ಕೊಟ್ಟಿಲ್ಲ.

ಎಪಿಕ್ಯೂರಸ್‌ನ ಸುಖ ಯಾವುದು? ಮೈಗೆ ನೋವಿಲ್ಲದಿರುವುದು, ಮನಸ್ಸಿಗೆ ಕಳವಳವಿಲ್ಲದಿರುವುದು. ಎರಡನೆಯದಕ್ಕೆ ಗ್ರೀಕರು ‘ಅತರಾಕ್ಸಿಯಾ’ ಎಂದರು. ಅದಕ್ಕೆ ಸಂತೋಷ, ಆನಂದ ಎಂಬ ಮಾತುಗಳು ಹೊಂದುವುದಿಲ್ಲ. ನಮ್ಮ ಕಡೆಯ ಸರಿಯಾದ ಪದ ನೆಮ್ಮದಿ. ‘ಎರಡು ಹೊತ್ತು ನೆಮ್ಮದಿಯಾಗಿ ಉಂಡರೆ ಸಾಕು’ ಎನ್ನುವಾಗ ನಮ್ಮ ಹಿರಿಯರು ಊಟದ ರುಚಿಯ ಬಗ್ಗೆ ಹೇಳುತ್ತಿರುವುದಿಲ್ಲ. ತಲೆಯ ಮೇಲೆ ಏನೂ ತೂಗಾಡದೆ ಉಣ್ಣುವುದರ ಬಗ್ಗೆ ಹೇಳುತ್ತಿರುತ್ತಾರೆ.

ನಕ್ಕರೆ ಸಾಕೇ?

ಇಲ್ಲಿಗೆ ನಮ್ಮ ಕೆಲಸದ ಮಾತು ಬರುತ್ತದೆ. ಶಾಲೆಯಲ್ಲಿ ಸಂತೋಷ ಬೇಕು ಎನ್ನುವುದು ಈಗ ಎಲ್ಲರೂ ಒಪ್ಪಿದ ಮಾತು. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ನಲಿ-ಕಲಿ ಈ ನಾಡಿನ ಶಾಲೆಗಳಿಗೆ ಒಂದು ದೊಡ್ಡ ಬದಲಾವಣೆ ತಂದಿತು. ದೆಹಲಿ ಸರ್ಕಾರ 2018ರ ಜುಲೈಯಲ್ಲಿ ತನ್ನ ಶಾಲೆಗಳಿಗೆ ಸಂತೋಷದ ಪಠ್ಯಕ್ರಮವನ್ನೇ ತಂದಿತು. ಪ್ರಶಿಕ್ಷಣಾರ್ಥಿಗಳಾದ ನಾವೂ ಪಾಠ ಯೋಜನೆಯಲ್ಲಿ ಆಟ, ಹಾಡು, ಚಟುವಟಿಕೆ ಬರೆಯುತ್ತೇವೆ. ಇದೆಲ್ಲ ಬೇಕು. ನನ್ನ ರೀಫಿಲ್ಲು, ಬಲೂನು ಕೂಡ ಅದೇ ಸಾಲಿನವು.

ಆದರೆ ನನ್ನ ತರಗತಿಯಲ್ಲಿ ಅವತ್ತು ಎಲ್ಲರೂ ನಕ್ಕಿದ್ದರು. ಆ ಹುಡುಗಿಯೂ ನಕ್ಕಿದ್ದಳು. ನಗುತ್ತಲೇ ಅವಳ ಮನಸ್ಸಿನಲ್ಲಿ ಹೆದರಿಕೆಯೊಂದು ಕುಳಿತಿತ್ತು. ದೊಡ್ಡಪ್ಪ ತಪ್ಪು ಮಾಡಿದರು, ಅದಕ್ಕೆ ಆಕಾಶ ಅವರನ್ನು ಶಿಕ್ಷಿಸಿತು, ಮುಂದಿನ ಸರದಿ ಮನೆಯಲ್ಲಿ ಯಾರದೋ. ಬಲೂನಿನ ಚಟುವಟಿಕೆ ಆ ಹೆದರಿಕೆಯ ಪಕ್ಕದಲ್ಲೇ ಹಾದುಹೋಯಿತು, ಅದನ್ನು ಮುಟ್ಟಲಿಲ್ಲ.

ಎಪಿಕ್ಯೂರಸ್‌ನ ಹೇಳಿಕೆ ನನಗೆ ತಾಗಿದ್ದು ಇಲ್ಲೇ. ಮನುಷ್ಯರ ನೆಮ್ಮದಿ ಕೆಡಿಸುವ ದೊಡ್ಡ ಕಾರಣ ಭಯ, ಅದರಲ್ಲೂ ಎರಡು ಭಯ ಎನ್ನುತ್ತಾನೆ ಅವನು. ದೇವರು ಕೋಪದಿಂದ ಶಿಕ್ಷಿಸುತ್ತಾನೆ ಎಂಬುದು ಒಂದು, ಸಾವು ಇನ್ನೊಂದು. ಪ್ರಕೃತಿಯನ್ನು ಓದುವುದು ಈ ಭಯ ಕಳೆಯುವುದಕ್ಕೆ. ಇಂಥ ಭಯಗಳು ನಮ್ಮನ್ನು ಕಾಡದಿದ್ದರೆ ಪ್ರಕೃತಿ ವಿಜ್ಞಾನದ ಅಗತ್ಯವೇ ಇರುತ್ತಿರಲಿಲ್ಲ ಎನ್ನುವಷ್ಟರ ಮಟ್ಟಿಗೆ ಅವನು ಹೋಗುತ್ತಾನೆ. ಅವನ ಬರಹ ಮುನ್ನೂರು ಸುರುಳಿಗಳಷ್ಟಿತ್ತಂತೆ. ಅದರಲ್ಲಿ ಪೂರ್ತಿಯಾಗಿ ಉಳಿದಿರುವ ಮೂರು ಪತ್ರಗಳ ಪೈಕಿ ಪೈಥೊಕ್ಲಿಸ್ ಎಂಬ ಶಿಷ್ಯನ ಹೆಸರಿಗೆ ಇರುವ ಪತ್ರ ಗುಡುಗು, ಮಿಂಚು, ಸಿಡಿಲು, ಗ್ರಹಣ, ಭೂಕಂಪಗಳ ಬಗ್ಗೆಯೇ ಇದೆ. ನಮ್ಮ ಎಂಟನೆಯ ತರಗತಿಯ ಆ ಅಧ್ಯಾಯದಲ್ಲೂ ಸಿಡಿಲು ಮತ್ತು ಭೂಕಂಪ ಒಟ್ಟಿಗೆ ಇವೆ. ಎರಡು ಸಾವಿರದ ಮುನ್ನೂರು ವರ್ಷಗಳ ಹಿಂದಿನ ಪಾಠವೊಂದನ್ನು ನಾನು ಬೇರೆ ಉದ್ದೇಶಕ್ಕೆ ಮಾಡುತ್ತಿದ್ದೆ. ನನ್ನ ಪಾಠ ಯೋಜನೆಯ ಉದ್ದೇಶ ‘ವಿದ್ಯಾರ್ಥಿಗಳು ಸಿಡಿಲು ಉಂಟಾಗುವ ಬಗೆಯನ್ನು ವಿವರಿಸುವರು’ ಎಂದಿತ್ತು.

ಹಾಗೆ ನೋಡಿದರೆ ಈ ಭಯ ನನಗೂ ಹೊಸದಲ್ಲ. ಗುಬ್ಬಿ ತಾಲ್ಲೂಕಿನದೇ ಹಳ್ಳಿಯವಳು ನಾನು. ಗುಡುಗಿದಾಗ ನಮ್ಮಜ್ಜಿ ಅರ್ಜುನನ ಹತ್ತು ಹೆಸರು ಹೇಳಿಸುತ್ತಿದ್ದರು. 2019ರ ಡಿಸೆಂಬರ್ 26ರ ಬೆಳಿಗ್ಗೆ ಸೂರ್ಯಗ್ರಹಣ ಹಿಡಿದಾಗ ನಾನು ಪದವಿ ಕಾಲೇಜಿನಲ್ಲಿ ಭೌತಶಾಸ್ತ್ರ ಓದುತ್ತಿದ್ದೆ. ದಕ್ಷಿಣ ಕರ್ನಾಟಕದ ಕೆಲವೆಡೆ, ಕಾಸರಗೋಡಿನ ಕಡೆ ಅದು ಬಳೆಯಂತೆ ಪೂರ್ತಿ ಉಂಗುರವಾಗಿ ಕಂಡಿತು. ನಮ್ಮ ಕಡೆ ಭಾಗಶಃ. ನಾನು ಬಾಗಿಲು ಹಾಕಿಕೊಂಡು ಒಳಗೆ ಕುಳಿತಿದ್ದೆ. ಗ್ರಹಣದ ಚಿತ್ರ ಬರೆದು ಭಾಗ ಗುರುತಿಸಿ ಎಂದರೆ ತಪ್ಪಿಲ್ಲದೆ ಬರೆಯುತ್ತಿದ್ದೆ, ಹೊರಗೆ ಮಾತ್ರ ಬರಲಿಲ್ಲ. ನನಗೆ ಕಲಿಸಿದವರು ಚೆನ್ನಾಗಿಯೇ ಕಲಿಸಿದ್ದರು. ಚಿತ್ರಕ್ಕೂ ಬಾಗಿಲಿಗೂ ಸಂಬಂಧ ಇದೆ ಎಂದು ಮಾತ್ರ ಯಾರೂ ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

ಎಪಿಕ್ಯೂರಸ್ ತಪ್ಪಿದ್ದು ಎಲ್ಲಿ

ಅವನನ್ನು ಹೊಗಳಿ ಸುಮ್ಮನಾಗಲು ನಾನು ಬರೆಯುತ್ತಿಲ್ಲ. ವಿಜ್ಞಾನ ಶಿಕ್ಷಕಿಯಾಗಿ ಅವನೊಂದಿಗೆ ನನಗೆ ಜಗಳವಿದೆ.

ಸಿಡಿಲಿಗೆ ಅವನು ಒಂದಲ್ಲ, ಹಲವು ಕಾರಣ ಕೊಡುತ್ತಾನೆ. ಗಾಳಿ ಮೋಡದೊಳಗೆ ಸಿಕ್ಕಿ ಸುತ್ತಿ ಹೊತ್ತಿಕೊಂಡಿರಬಹುದು, ಇನ್ನೊಂದು ರೀತಿಯಲ್ಲೂ ಆಗಿರಬಹುದು. ಕಣ್ಣಿಗೆ ಕಾಣುವುದಕ್ಕೆ ವಿರುದ್ಧವಾಗದಿದ್ದರೆ ಯಾವುದಾದರೂ ಸರಿ, ಕಟ್ಟುಕಥೆ ಮಾತ್ರ ಬೇಡ ಎನ್ನುತ್ತಾನೆ. ಹಲವು ಊಹೆಗಳನ್ನು ಮುಂದಿಡುವುದು ತರಗತಿಗೆ ಒಳ್ಳೆಯದೇ. ಆದರೆ ಯಾವುದು ನಿಜ ಎಂದು ತೀರ್ಮಾನಿಸುವ ಆತುರ ಅವನಿಗಿಲ್ಲ, ಭಯ ಹೋದರೆ ಕೆಲಸ ಮುಗಿಯಿತು. ನಮಗೆ ಅಲ್ಲಿಗೆ ಮುಗಿಯುವುದಿಲ್ಲ. ಸೂರ್ಯ ಕಣ್ಣಿಗೆ ಕಾಣುವಷ್ಟೇ ಅಥವಾ ಸ್ವಲ್ಪ ಹೆಚ್ಚುಕಡಿಮೆ ದೊಡ್ಡದಿದ್ದಾನು ಎಂದು ಹೇಳಿ ಅವನು ನಗೆಪಾಟಲಿಗೀಡಾದದ್ದು ಇದೇ ಉದಾಸೀನದಿಂದ. ಭಯ ಕಳೆಯಬೇಕಾದದ್ದು ನಿಜ ಹೇಳಿ. ಸಮಾಧಾನ ಹೇಳಿ ಕಳೆದ ಭಯ ಮುಂದಿನ ಮಳೆಗೆ ಮತ್ತೆ ಬರುತ್ತದೆ.

ಇನ್ನೊಂದು ವಿಷಯ ಕೇಳಿದರೆ ನಮ್ಮ ಅಧ್ಯಾಪಕರು ನಗಬಹುದು. ಇದೇ ಪೈಥೊಕ್ಲಿಸನಿಗೆ ಅವನು ಆ ಕಾಲದ ವಿದ್ಯಾಭ್ಯಾಸದಿಂದಲೇ ದೂರ ಓಡಿಹೋಗು ಎಂದು ಬುದ್ಧಿ ಹೇಳಿದ್ದ. ಬಿ.ಇಡಿ. ಓದುತ್ತಿರುವವಳು ಇದನ್ನು ಒಪ್ಪುವುದು ಕಷ್ಟ. ಆದರೂ ಆ ಮಾತಿನ ಹಿಂದಿನ ದೂರು ಅರ್ಥವಾಗುತ್ತದೆ. ನೆಮ್ಮದಿಗೆ ನೆರವಾಗದ, ಮೆರೆಯುವುದಕ್ಕಷ್ಟೇ ಬಳಕೆಯಾಗುವ ಓದಿನ ಮೇಲೆ ಅವನಿಗೆ ಸಿಟ್ಟು.

ಮೂರನೆಯ ಜಗಳ ಎಲ್ಲಕ್ಕಿಂತ ದೊಡ್ಡದು. ರಾಜಕೀಯದಿಂದ ದೂರವಿರಿ, ಜನರ ಕಣ್ಣಿಗೆ ಬೀಳದಂತೆ ಬದುಕಿ ಎಂದವನು ಅವನು. ತೋಟದೊಳಗೆ ಗೆಳೆಯರ ಜೊತೆ ನೆಮ್ಮದಿಯಾಗಿರಬಹುದು. ಆದರೆ ಸರ್ಕಾರಿ ಶಾಲೆಗೆ ತೋಟದ ಬೇಲಿ ಇರುವುದಿಲ್ಲ. ಊರಿನ ಎಲ್ಲವೂ ಅದರೊಳಗೆ ಬರುತ್ತದೆ.

ಇದಕ್ಕೆ ನನಗೆ ಉತ್ತರ ಸಿಕ್ಕಿದ್ದು ಗ್ರೀಸಿನಲ್ಲಲ್ಲ, ಗೌರಿಬಿದನೂರು ತಾಲ್ಲೂಕಿನ ಹೊಸೂರಿನವರಾದ ಡಾ. ಎಚ್. ನರಸಿಂಹಯ್ಯನವರಲ್ಲಿ. ಅವರು ಭೌತಶಾಸ್ತ್ರದ ಮೇಷ್ಟ್ರು. ಅಮೆರಿಕದಲ್ಲಿ ಡಾಕ್ಟರೇಟ್ ಪಡೆದು ಬಂದ ಮೇಲೂ ಬಸವನಗುಡಿಯ ನ್ಯಾಷನಲ್ ಕಾಲೇಜಿನ ಹಾಸ್ಟೆಲ್ ಕೋಣೆಯಲ್ಲೇ ಖಾದಿ ಉಟ್ಟು ಬದುಕಿದರು. ಬೇಡಿಕೆ ಕಡಿಮೆ ಮಾಡಿಕೊಂಡು ಬದುಕುವುದರಲ್ಲಿ ಎಪಿಕ್ಯೂರಸ್ ಮೆಚ್ಚುವಂಥವರು. ಆದರೆ ಅವರು ಅಡಗಿ ಬದುಕಲಿಲ್ಲ. ಕ್ವಿಟ್ ಇಂಡಿಯಾ ಚಳವಳಿಯಲ್ಲಿ ಜೈಲಿಗೆ ಹೋದರು. 1962ರಲ್ಲಿ ಬೆಂಗಳೂರು ವಿಜ್ಞಾನ ವೇದಿಕೆ ಕಟ್ಟಿದರು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ 1976ರಲ್ಲಿ ಪವಾಡ ಮತ್ತು ಮೂಢನಂಬಿಕೆಗಳ ತನಿಖೆಗೆ ಸಮಿತಿ ರಚಿಸಿ, ಬಂದ ಟೀಕೆಗೆಲ್ಲ ಎದುರು ನಿಂತರು. ಅವರು ತಮ್ಮನ್ನು ಎಪಿಕ್ಯೂರಸ್‌ನ ಅನುಯಾಯಿ ಎಂದು ಕರೆದುಕೊಂಡವರಲ್ಲ. ನಾನೂ ಹಾಗೆ ಕರೆಯುತ್ತಿಲ್ಲ. ಸರಳವಾಗಿ ಬದುಕುತ್ತಾ, ಭೌತಶಾಸ್ತ್ರ ಕಲಿಸುತ್ತಾ, ಜನರ ಭಯವನ್ನು ಬೀದಿಗಿಳಿದು ಎದುರಿಸಬಹುದು ಎಂಬುದಕ್ಕೆ ನಮ್ಮ ನಾಡಿನಲ್ಲೇ ಉದಾಹರಣೆ ಇದೆ ಎಂದಷ್ಟೇ ಹೇಳುತ್ತಿದ್ದೇನೆ.

ಬಡವರಿಗೆ ತೃಪ್ತಿಯ ಪಾಠವೇ?

ನನ್ನ ಸೆಮಿನಾರಿನಲ್ಲಿ ಸಹಪಾಠಿಯೊಬ್ಬ ಒಂದು ಆಕ್ಷೇಪ ಎತ್ತಿದ. “ರೊಟ್ಟಿ ನೀರು ಸಾಕು ಅನ್ನೋದನ್ನ ಹಾಗಲವಾಡಿ ಮಕ್ಕಳಿಗೆ ಹೇಳ್ಕೊಡ್ಬೇಕಾ? ಅವರ ಮನೇಲಿ ಇರೋದೇ ಅದು.” ಇದು ತಳ್ಳಿಹಾಕುವ ಮಾತಲ್ಲ. ಇದ್ದುದರಲ್ಲೇ ತೃಪ್ತಿಪಡಿ ಎಂದು ಇಲ್ಲದವರಿಗೆ ಹೇಳುವುದು ಬಹಳ ಹಳೆಯ ಅನ್ಯಾಯ.

ಅದನ್ನು ಪರೀಕ್ಷಿಸಲೆಂದೇ ನಾನು ಮೌಲ್ಯ ಶಿಕ್ಷಣದ ಅವಧಿಯೊಂದರಲ್ಲಿ ಅದೇ ಮಕ್ಕಳಿಗೆ ಒಂದು ಕೆಲಸ ಕೊಟ್ಟೆ. ಎಪಿಕ್ಯೂರಸ್ ಆಸೆಗಳನ್ನು ಮೂರು ಬಗೆಯಾಗಿ ವಿಂಗಡಿಸುತ್ತಾನೆ. ಸಹಜವೂ ಹೌದು, ಇಲ್ಲದಿದ್ದರೆ ಆಗುವುದೂ ಇಲ್ಲ ಎನ್ನುವಂಥವು ಮೊದಲನೆಯವು. ಸಹಜ, ಆದರೆ ಇಲ್ಲದಿದ್ದರೂ ನಡೆಯುತ್ತದೆ ಎನ್ನುವಂಥವು ಎರಡನೆಯವು. ಸಹಜವೂ ಅಲ್ಲ, ಬೇಕೇಬೇಕು ಎಂದೂ ಇಲ್ಲ, ಎಷ್ಟು ಸಿಕ್ಕಿದರೂ ಮುಗಿಯುವುದಿಲ್ಲ ಎನ್ನುವಂಥವು ಮೂರನೆಯವು. ಹೆಸರು ಬರೆಯದೆ ಚೀಟಿಯಲ್ಲಿ ನಿಮಗೆ ಬೇಕಾದ ಮೂರು ಬರೆಯಿರಿ, ಆಮೇಲೆ ಎಲ್ಲರೂ ಸೇರಿ ಮೂರು ಗುಡ್ಡೆ ಮಾಡೋಣ ಎಂದೆ.

ಕ್ರಿಕೆಟ್ ಬ್ಯಾಟು, ಮೊಬೈಲು, ಭಾನುವಾರ ಕೋಳಿ ಸಾರು ಬಂದವು. ‘ಬೋರಿನಲ್ಲಿ ನೀರು’ ಎಂದು ನಾಲ್ಕು ಚೀಟಿಗಳಿದ್ದವು. ‘ಅಪ್ಪ ಕುಡಿಯಬಾರದು’ ಎಂದು ಎರಡು. ಕೋಳಿ ಸಾರು ಎರಡನೆಯ ಗುಡ್ಡೆಗೆ ಎಂದು ಬಹುಮತ, ಒಬ್ಬ ಹುಡುಗ ಮಾತ್ರ ಒಪ್ಪಲಿಲ್ಲ. ನೀರಿನ ಚೀಟಿಗಳನ್ನು ಯಾರೂ ಚರ್ಚೆ ಮಾಡಲಿಲ್ಲ, ನೇರ ಮೊದಲ ಗುಡ್ಡೆಗೆ ಹಾಕಿದರು. ಅಪ್ಪ ಕುಡಿಯಬಾರದು ಎಂಬುದನ್ನೂ ಅಲ್ಲಿಗೇ. ಒಂದು ಚೀಟಿಯಲ್ಲಿ ‘625ಕ್ಕೆ 625’ ಎಂದಿತ್ತು. ಅದಕ್ಕೆ ಜಗಳವೇ ಆಯಿತು. ಅಂಕಕ್ಕೆ 625ರ ಮಿತಿ ಇದೆಯಲ್ಲ, ಮುಗಿಯದ ಆಸೆ ಹೇಗಾಗುತ್ತೆ ಎಂದು ಒಬ್ಬಳ ವಾದ. ಕೊನೆಗೆ ಒಬ್ಬ ಹೇಳಿದ: “ಪಾಸಾಗೋದು ಮೊದಲ್ನೇದು ಮಿಸ್. ಪಕ್ಕದ ಮನೆಯೋನಿಗಿಂತ ಜಾಸ್ತಿ ತೆಗೀಬೇಕು ಅನ್ನೋದು ಮೂರ್ನೇದು.” ಇಷ್ಟು ಸ್ಪಷ್ಟವಾಗಿ ನಾನು ಸೆಮಿನಾರಿನಲ್ಲಿ ಹೇಳಿರಲಿಲ್ಲ.

ಆ ಅವಧಿಯಿಂದ ನನಗೆ ತಿಳಿದದ್ದು ಇದು. ವಿಂಗಡಣೆಯನ್ನು ಸರಿಯಾಗಿ ಮಾಡಿಸಿದರೆ ಅದು ತೃಪ್ತಿಯ ಉಪದೇಶ ಆಗುವುದಿಲ್ಲ. ಮೊದಲ ಗುಡ್ಡೆಯಲ್ಲಿರುವುದನ್ನು ಬಿಟ್ಟುಬಿಡು ಎಂದು ಯಾರಿಗೂ ಹೇಳುವಂತಿಲ್ಲ. ಹಸಿವು, ಬಾಯಾರಿಕೆ, ಚಳಿ ಕಾಡಬಾರದು ಎಂಬುದು ಎಪಿಕ್ಯೂರಸ್‌ನಲ್ಲಿ ಮೊದಲ ಮಾತು. ನಮ್ಮ ಶಾಲೆಗಳ ಬಿಸಿಯೂಟದ ಯೋಜನೆಗೆ ‘ಅಕ್ಷರ ದಾಸೋಹ’ ಎಂದು ಹೆಸರಿಟ್ಟವರು, 2013ರಲ್ಲಿ ಕ್ಷೀರಭಾಗ್ಯದ ಹಾಲು ಕೊಟ್ಟವರು, ಆಮೇಲೆ ಮೊಟ್ಟೆ ಸೇರಿಸಿದವರು ಈ ಕ್ರಮವನ್ನೇ ಒಪ್ಪಿದಂತಾಯಿತು. ಮಧ್ಯಾಹ್ನದ ತಟ್ಟೆ ತುಂಬಿದ ಮೇಲೆಯೇ ನನ್ನ ಐದನೆಯ ಅವಧಿಯ ಪಾಠಕ್ಕೆ ಅರ್ಥ. ಮೊದಲ ಗುಡ್ಡೆಯನ್ನು ಹಕ್ಕಾಗಿ ಕೇಳಲು, ಮೂರನೆಯ ಗುಡ್ಡೆಯನ್ನು ಗುರುತಿಸಿ ನಗಲು ಮಕ್ಕಳಿಗೆ ಬಂದರೆ ಅದೇ ಒಂದು ವಿದ್ಯೆ.

ನಾಳೆ ಎಂದದ್ದು

‘ನಾಳೆ ಮಾತಾಡೋಣ’ ಎಂದ ನಾನು ಆ ಮಾತನ್ನು ಉಳಿಸಿಕೊಂಡದ್ದು ಐದು ದಿನ ಬಿಟ್ಟು. ಅಷ್ಟು ದಿನ ತೆಗೆದುಕೊಂಡದ್ದಕ್ಕೆ ಕಾರಣ ಹೆದರಿಕೆಯೇ. ಮನೆಯವರ ನಂಬಿಕೆಯ ಬಗ್ಗೆ ಮಾತಾಡಿ ಊರಿನವರು ಬಂದು ಕೇಳಿದರೆ? ಪಾಠ ಯೋಜನೆ ಬಿಟ್ಟು ಮಾತಾಡಿದ್ದಕ್ಕೆ ಅಂಕ ಹೋದರೆ? ಮಕ್ಕಳ ಭಯದ ಬಗ್ಗೆ ಬರೆಯುತ್ತಿರುವವಳು ತನ್ನದನ್ನು ಮುಚ್ಚಿಡಬಾರದು.

ಕೊನೆಗೆ ಪುನರಾವರ್ತನೆಯ ಪಾಠದಲ್ಲಿ ಆ ಪ್ರಶ್ನೆಯನ್ನು ನಾನೇ ಎತ್ತಿದೆ. ದೇವರಿಲ್ಲ ಎಂದು ಹೇಳಲಿಲ್ಲ. ಹಾಗೆ ಹೇಳುವುದು ನನ್ನ ಕೆಲಸವಲ್ಲ, ಎಪಿಕ್ಯೂರಸ್ ಕೂಡ ಹಾಗೆ ಹೇಳಿದವನಲ್ಲ. ದೇವರುಗಳಿದ್ದಾರೆ, ಅವರಿಗೆ ನಮ್ಮ ಮೇಲೆ ಸಿಟ್ಟಿಲ್ಲ ಎಂಬುದಷ್ಟೇ ಅವನ ವಾದ. ನಾನು ಕಪ್ಪುಹಲಗೆಯ ಮೇಲೆ ಒಂದು ಮೋಡ, ಒಂದು ಹೊಲ, ಎರಡು ತೆಂಗಿನ ಮರ ಬರೆದೆ. ಒಂದು ಮರದ ಕೆಳಗೆ ಹರಕೆ ತೀರಿಸಿದವನು, ಇನ್ನೊಂದರ ಕೆಳಗೆ ತೀರಿಸದವನು. ಸಿಡಿಲು ಯಾರಿಗೆ ಬಡಿಯುತ್ತದೆ, ಹೇಗೆ ತೀರ್ಮಾನಿಸುತ್ತೀರಿ ಎಂದು ಕೇಳಿದೆ. ಯಾವ ಮರ ಎತ್ತರ, ಮೋಡ ಎಲ್ಲಿದೆ ಎಂದು ಕೇಳಿದರು ಮಕ್ಕಳು. ಹರಕೆಯ ಬಗ್ಗೆ ಯಾರೂ ಕೇಳಲಿಲ್ಲ. ಸುಳಿ ಸುಟ್ಟು ಒಣಗಿ ನಿಂತ ತೆಂಗಿನ ಮರಗಳನ್ನು ಈ ಭಾಗದ ಎಲ್ಲ ಮಕ್ಕಳೂ ನೋಡಿದ್ದಾರೆ. “ಆ ಮರ ಯಾವ ಹರಕೆ ಹೊತ್ತಿತ್ತು?” ಎಂದು ಒಬ್ಬ ತಾನಾಗಿಯೇ ಕೇಳಿದ. ಸಿಡಿಲಿಗೆ ಯಾರ ಮೇಲೂ ಕೋಪವಿಲ್ಲ, ದೊಡ್ಡಪ್ಪ ಯಾವ ತಪ್ಪಿಗೂ ಶಿಕ್ಷೆ ಅನುಭವಿಸಿದ್ದಲ್ಲ ಎಂದು ನಾನು ಆ ಹುಡುಗಿಯನ್ನು ನೋಡಿ ಹೇಳಿದೆ.

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು: “ಹಂಗಾದ್ರೆ ಮರದ ಕೆಳಗೆ ನಿಲ್ಬಾರ್ದು ಅಂತ ನಮ್ಮ ದೊಡ್ಡಪ್ಪಂಗೆ ಯಾರೂ ಹೇಳ್ಕೊಟ್ಟಿರ್ಲಿಲ್ವಾ ಮಿಸ್?”

ಈ ಪ್ರಶ್ನೆಗೆ ನಾನು ಸಿದ್ಧಳಾಗಿರಲಿಲ್ಲ. ಅದುವರೆಗೆ ತಪ್ಪು ದೊಡ್ಡಪ್ಪನದಾಗಿತ್ತು. ಈಗ ಅದು ಕಲಿಸಬೇಕಾದವರ ಕಡೆ, ಅಂದರೆ ನಮ್ಮ ಕಡೆ ತಿರುಗಿತ್ತು. ಎಪಿಕ್ಯೂರಸ್ ಹೇಳದ ಒಂದು ಸಂಗತಿ ನನಗೆ ಅಲ್ಲಿ ಕಂಡಿತು. ಭಯ ಹೋದ ಜಾಗದಲ್ಲಿ ನೆಮ್ಮದಿ ಮಾತ್ರ ಬರುವುದಿಲ್ಲ, ಪ್ರಶ್ನೆಯೂ ಬರುತ್ತದೆ. ಉಳಿದ ಅವಧಿಯೆಲ್ಲ ಮುನ್ನೆಚ್ಚರಿಕೆಯ ಪಾಠವಾಯಿತು. ಒಂಟಿ ಮರದ ಕೆಳಗೆ ನಿಲ್ಲಬಾರದು, ಬಯಲಿನಲ್ಲಿ ಸಿಕ್ಕಿಕೊಂಡರೆ ಕುಕ್ಕರಗಾಲಲ್ಲಿ ಕೂರಬೇಕು, ಮಿಂಚಿಗೂ ಗುಡುಗಿಗೂ ನಡುವಿನ ಪ್ರತಿ ಮೂರು ಸೆಕೆಂಡಿಗೆ ಸುಮಾರು ಒಂದು ಕಿಲೋಮೀಟರ್ ದೂರ. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯವರು ಮಾಡಿರುವ ‘ದಾಮಿನಿ’ ಆ್ಯಪ್ ಸಿಡಿಲಿನ ಮುನ್ಸೂಚನೆ ಕೊಡುತ್ತದೆ ಎಂದಾಗ ಮೊಬೈಲ್ ಇರುವ ಮನೆಗಳ ಮಕ್ಕಳು ಹೆಸರು ಬರೆದುಕೊಂಡರು. ಅದೇ ಪಠ್ಯಪುಸ್ತಕದ ಅದೇ ಪುಟ. ಐದು ದಿನ ಮುಂಚೆ ಅದನ್ನು ನಾನು ‘ಮುನ್ನೆಚ್ಚರಿಕೆಗಳು’ ಎಂಬ ಉಪಶೀರ್ಷಿಕೆಯಡಿ ಓದಿ ಬರೆಸಿ ಮುಗಿಸಿದ್ದೆ.

ನನ್ನ ಕೋರಿಕೆ

ಈ ಅನುಭವದಿಂದ ನಾನು ಕೇಳುವುದು ದೊಡ್ಡದೇನಲ್ಲ. ಹೊಸ ಪಠ್ಯಕ್ರಮ ಬೇಡ, ಸಂತೋಷಕ್ಕೆ ಬೇರೆ ಅವಧಿಯೂ ಬೇಡ.

ನಮ್ಮ ಪಾಠ ಯೋಜನೆಯ ನಮೂನೆಯಲ್ಲಿ ಉದ್ದೇಶ, ಬೋಧನೋಪಕರಣ, ಚಟುವಟಿಕೆ, ಮೌಲ್ಯಮಾಪನಗಳ ಜೊತೆ ಒಂದು ಸಾಲು ಸೇರಲಿ: ‘ಈ ವಿಷಯದ ಬಗ್ಗೆ ಈ ಊರಿನ ಮಕ್ಕಳಿಗೆ ಇರಬಹುದಾದ ಭಯ ಯಾವುದು? ಪಾಠ ಅದನ್ನು ಎಲ್ಲಿ ಮುಟ್ಟುತ್ತದೆ?’ ಎಲ್ಲ ಪಾಠಕ್ಕೂ ಉತ್ತರ ಇರುವುದಿಲ್ಲ, ಇಲ್ಲದಿದ್ದರೆ ಖಾಲಿ ಬಿಡೋಣ. ಆದರೆ ಗ್ರಹಣ, ಹಾವು, ಸೂಕ್ಷ್ಮಜೀವಿ, ಹದಿಹರೆಯ, ಅನುವಂಶೀಯತೆಯ ಪಾಠಗಳಲ್ಲಿ ಆ ಸಾಲು ತುಂಬಿಯೇ ತುಂಬುತ್ತದೆ. ಮುಟ್ಟಾದಾಗ ಹೊರಗೆ ಕೂರುವ ಹುಡುಗಿ ‘ಹದಿಹರೆಯಕ್ಕೆ ಪ್ರವೇಶ’ ಪಾಠವನ್ನು ತಲೆ ಬಗ್ಗಿಸಿ ಕೇಳುವುದನ್ನು ನಾವೆಲ್ಲ ನೋಡಿದ್ದೇವೆ. ಗಣಿತದ ಪಾಠಕ್ಕೆ ಭಯವೇನು ಎಂದು ಕೇಳುವವರು ಯಾವ ಮಗುವನ್ನಾದರೂ ಕೇಳಬಹುದು. ಆ ಸಾಲನ್ನು ತುಂಬಬೇಕಾದರೆ ಪ್ರಶಿಕ್ಷಣಾರ್ಥಿ ಮೊದಲು ಊರಿನಲ್ಲಿ ಓಡಾಡಬೇಕು, ಮಕ್ಕಳೊಂದಿಗೆ ಊಟಕ್ಕೆ ಕೂರಬೇಕು. ಎರಡು ವರ್ಷದ ಬಿ.ಇಡಿ.ಯಲ್ಲಿ ಇಂಟರ್ನ್‌ಶಿಪ್ ವಾರಗಳನ್ನು ಹೆಚ್ಚಿಸಿದ್ದು ಅದಕ್ಕೇ ಅಲ್ಲವೇ?

ತತ್ತ್ವಶಾಸ್ತ್ರದ ಪಾಠದಲ್ಲಿ ಎಪಿಕ್ಯೂರಸ್ ಮತ್ತು ಲೋಕಾಯತರಿಗೆ ಒಂದು ಅವಧಿ ಸಿಗಲಿ ಎಂಬುದು ಎರಡನೆಯ ಕೋರಿಕೆ. ಒಂಬತ್ತನೆಯ ತರಗತಿಯಲ್ಲಿ ಪರಮಾಣುವಿನ ಪಾಠ ಮಾಡುವಾಗ ನಾವು ಕಣಾದನ ಹೆಸರು ಹೇಳುತ್ತೇವೆ, ಡೆಮಾಕ್ರಿಟಸ್‌ನ ಹೆಸರು ಹೇಳುತ್ತೇವೆ. ಡೆಮಾಕ್ರಿಟಸ್‌ನ ಪರಮಾಣುವನ್ನು ಎತ್ತಿಕೊಂಡು, ಇದು ಗೊತ್ತಾದರೆ ಮನುಷ್ಯನ ಹೆದರಿಕೆ ಎಷ್ಟು ಕಡಿಮೆಯಾದೀತು ಎಂದು ಯೋಚಿಸಿದವನ ಹೆಸರನ್ನೂ ಹೇಳೋಣ.

ಮೂರನೆಯದು ನಮ್ಮ ಅಧ್ಯಾಪಕರಲ್ಲಿ ಕೋರಿಕೆ. ಪಾಠ ಮುಗಿದ ಮೇಲಿನ ಹಿಮ್ಮಾಹಿತಿಯಲ್ಲಿ ‘ಧ್ವನಿ ಚೆನ್ನಾಗಿತ್ತು, ಕಪ್ಪುಹಲಗೆ ಕೆಲಸ ಸುಧಾರಿಸಬೇಕು’ ಎನ್ನುವುದರ ಜೊತೆಗೆ, ಯಾವ ಮಗುವಿನ ಪ್ರಶ್ನೆಯನ್ನು ಬಿಟ್ಟಿರಿ ಎಂದು ಕೇಳಿ. ಎಪಿಕ್ಯೂರಸ್‌ನ ತೋಟದಲ್ಲಿ ಗೆಳೆಯರು ಒಬ್ಬರಿಗೊಬ್ಬರು ತಪ್ಪನ್ನು ಮುಚ್ಚುಮರೆಯಿಲ್ಲದೆ ಹೇಳುವುದು ಪಾಠದ ಒಂದು ಭಾಗವಾಗಿತ್ತು. ಫಿಲೊಡೆಮಸ್ ಎಂಬ ಅನುಯಾಯಿ ಅದರ ಬಗ್ಗೆಯೇ ಒಂದು ಪುಸ್ತಕ ಬರೆದ. ಕ್ರಿ.ಶ. 79ರ ಜ್ವಾಲಾಮುಖಿಯಲ್ಲಿ ಹೂತುಹೋದ ಹರ್ಕ್ಯುಲೇನಿಯಂ ಊರಿನಲ್ಲಿ ಅದರ ಸುಟ್ಟ ಸುರುಳಿ ಸಿಕ್ಕಿದೆ. ಹಿಂದಿನ ಬೆಂಚಿನಲ್ಲಿ ಕುಳಿತವರ ಭಯವಿಲ್ಲದಿದ್ದರೆ ಮಕ್ಕಳ ಪ್ರಶ್ನೆಗೆ ಅಂದೇ ನಿಲ್ಲುವ ಧೈರ್ಯ ನಮಗೂ ಬರುತ್ತದೆ.

ಹನ್ನೊಂದನೆಯ ಪಾಠದ ಅಂಕ ವೀಕ್ಷಣಾ ಪುಸ್ತಕದಲ್ಲಿ ಹಾಗೆಯೇ ಇದೆ. ಅದರ ಪಕ್ಕದ ಖಾಲಿ ಜಾಗದಲ್ಲಿ ನಾನು ಪೆನ್ಸಿಲಿನಲ್ಲಿ ಆ ಹುಡುಗಿಯ ಎರಡು ಪ್ರಶ್ನೆಗಳನ್ನೂ ಬರೆದಿಟ್ಟಿದ್ದೇನೆ. ಮುಂದೆ ಯಾವ ಶಾಲೆಯಲ್ಲಿ ಸಿಡಿಲಿನ ಪಾಠ ಮಾಡಿದರೂ ನನ್ನ ಯೋಜನೆ ಬಲೂನಿನಿಂದ ಶುರುವಾಗುವುದಿಲ್ಲ, ಆ ಎರಡು ಪ್ರಶ್ನೆಗಳಿಂದ ಶುರುವಾಗುತ್ತದೆ.